ವಿರಾಜಪೇಟೆ ಹತ್ತಿರದ ತೋಟದ ಮನೆ. ತಂದೆಗೆ 68, ಶುಗರ್ ಇದೆ. ಎದೆನೋವು ಬಂದರೆ ನೇರ ಮೈಸೂರಿಗೇ ಹೋಗಬೇಕೆ?

ಬೇಡ. ಮೊದಲು ವಿರಾಜಪೇಟೆ ತಾಲ್ಲೂಕು ಆಸ್ಪತ್ರೆ, ಆಮೇಲೆ ಮೈಸೂರು. ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರು ಮುಟ್ಟಲು ನೂರು ಕಿಲೋಮೀಟರ್ ಆಗುತ್ತದೆ. ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡಿದ್ದರೆ ಆ ದಾರಿಯುದ್ದಕ್ಕೂ ಸ್ನಾಯು ಸಾಯುತ್ತಲೇ ಇರುತ್ತದೆ.

ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ದೊಡ್ಡ ಹೃದಯಾಘಾತ ಎಂದು ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡಬಹುದು. ಒಂದೇ ಸಲ ರಕ್ತನಾಳಕ್ಕೆ ಕೊಡುವ ಮದ್ದು, ಡೋಸ್ ತೂಕದ ಮೇಲೆ. ಹಾಗಾಗಿ ತಂದೆಯವರ ತೂಕ ನಿಮಗೆ ಗೊತ್ತಿರಲಿ. ನೋವು ಶುರುವಾಗಿ 12 ಗಂಟೆಯವರೆಗೂ ಕೊಡುತ್ತಾರೆ, ಆದರೆ ನಿಜವಾದ ಲಾಭ ಮೊದಲ ಎರಡು ಮೂರು ಗಂಟೆಗಳಲ್ಲೇ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈ ದುಬಾರಿ ಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಿಮ್ಮ ಆಸ್ಪತ್ರೆಯಲ್ಲಿ ಮದ್ದಿನ ದಾಸ್ತಾನಿದೆಯೇ, ರಾತ್ರಿ ಇಸಿಜಿ ತೆಗೆಯುವವರಿದ್ದಾರೆಯೇ ಎಂದು ಈಗಲೇ ಹೋಗಿ ಕೇಳಿಬನ್ನಿ. ಇಲ್ಲ ಅಂದರೆ ಮಡಿಕೇರಿ ಜಿಲ್ಲಾಸ್ಪತ್ರೆ.

ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ, ಇತ್ತೀಚೆಗೆ ಪಾರ್ಶ್ವವಾಯು ಬಡಿದಿದ್ದರೆ, ದೊಡ್ಡ ಆಪರೇಷನ್ ಆಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಕೇಳುವ ಮೊದಲೇ ಹೇಳಿಬಿಡಿ. ಈ ಮದ್ದು ಅಂಥವರಿಗೆ ಅಪಾಯ.

ನಮ್ಮ ಕಡೆ ಹೊತ್ತು ಹಾಳಾಗುವುದು ರಸ್ತೆಗಿಂತ ಮನೆಯಲ್ಲೇ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಗಂಟೆಗಟ್ಟಲೆ ಕಾಯುತ್ತಾರೆ. ಶುಗರ್ ಇದ್ದವರಿಗೆ ಎದೆನೋವೇ ಬಾರದೆ ಬರೀ ಬೆವರು, ಏದುಸಿರು, ವಾಂತಿ ಇರಬಹುದು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ಹುಣ್ಣಿನ ರಕ್ತಸ್ರಾವ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿ. ಗೇಟಿನವರೆಗೆ ಏರು ಹತ್ತಿಸಬೇಡಿ, ಜೀಪನ್ನೇ ಅಂಗಳಕ್ಕೆ ತನ್ನಿ. 108ಕ್ಕೆ ಕರೆ ಮಾಡಿದರೆ ತೋಟದ ಹೆಸರಷ್ಟೇ ಸಾಲದು. ಮುಖ್ಯರಸ್ತೆಯ ಬಸ್‌ಸ್ಟಾಪ್ ಹೇಳಿ, ಅಲ್ಲಿ ಒಬ್ಬರನ್ನು ಟಾರ್ಚ್ ಕೊಟ್ಟು ನಿಲ್ಲಿಸಿ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ನೆಟ್‌ವರ್ಕೂ ಹೋಗುತ್ತದಲ್ಲ, ಎಲ್ಲಿ ಸಿಗ್ನಲ್ ಬರುತ್ತದೆಂದು ಮನೆಯವರಿಗೆಲ್ಲ ತಿಳಿದಿರಲಿ.

ಮೊದಲ ಇಸಿಜಿ ಸರಿಯಿದೆ ಎಂದು ಮನೆಗೆ ಹೊರಡಬೇಡಿ. ನೋವು ಇದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಸಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೊಪೋನಿನ್ ರಕ್ತಪರೀಕ್ಷೆ ಕೇಳಿ.

ಚುಚ್ಚುಮದ್ದಿನಿಂದ ನೋವು ನಿಂತರೂ ಮೈಸೂರಿಗೆ ಹೋಗಲೇಬೇಕು. 24 ಗಂಟೆಯೊಳಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳದ ಎಕ್ಸ್‌ರೇ ಪರೀಕ್ಷೆ) ಆಗಬೇಕು. ಆಂಬುಲೆನ್ಸ್‌ನಲ್ಲಿ ಮಾನಿಟರ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇದೆಯೇ ನೋಡಿ, ಮದ್ದು ಕೊಟ್ಟ ಸಮಯ ಬರೆಸಿಕೊಳ್ಳಿ. ಇಸಿಜಿ ಕಾಗದ ಮಾಸುತ್ತದೆ, ಫೋಟೋ ತೆಗೆದಿಡಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ.