ಬೋರ್‌ವೆಲ್ ಪಾಯಿಂಟ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿದರೆ ಯಾರ ಮಾತು ನಂಬಬೇಕು?

ಎಷ್ಟು ಜನ ‘ನೀರಿದೆ’ ಅಂದರು ಅಂತ ಎಣಿಸಬೇಡಿ. ನೀರಿಲ್ಲದ ಕಡೆಯೂ ಅವರು ಹಾಗೇ ಹೇಳುತ್ತಾರಾ, ಅದನ್ನು ನೋಡಿ.

ಅಂಗೈ ಮೇಲಿನ ತೆಂಗಿನಕಾಯಿ ಬತ್ತಿದ ಬೋರ್ ಪಕ್ಕದಲ್ಲೂ ನೆಟ್ಟಗೆ ಎದ್ದು ನಿಂತರೆ, ಆ ಸುಳಿವಿಗೆ ತೂಕವೇ ಇಲ್ಲ.

ನೆಲಕ್ಕೆ ಕರೆಂಟ್ ಹಾಯಿಸುವ ಸರ್ವೆ, ನೀರಿರುವ 10 ಜಾಗದಲ್ಲಿ 8 ಕಡೆ, ಇಲ್ಲದ 10ರಲ್ಲಿ 2 ಕಡೆ ‘ಇದೆ’ ಎನ್ನುತ್ತದೆ ಅಂದುಕೊಳ್ಳಿ. ಅದರ ತೂಕ 8 ಭಾಗಿಸು 2, ಅಂದರೆ 4 ಪಟ್ಟು. ಸುತ್ತಲಿನ 4 ಬೋರ್‌ಗಳಲ್ಲಿ 1ಕ್ಕೆ ಮಾತ್ರ ನೀರು ಬಂದಿದ್ದರೆ, ನೀರು ಸಿಗುವುದಕ್ಕೆ 1 ಪಾಲು, ಸಿಗದಿರುವುದಕ್ಕೆ 3 ಪಾಲು. ಸರ್ವೆ ‘ಇದೆ’ ಅಂದ ಮೇಲೆ ಆ 1ನ್ನು 4ರಿಂದ ಗುಣಿಸಿ: ಸಿಗುವುದಕ್ಕೆ 4 ಪಾಲು, ಸಿಗದಿರುವುದಕ್ಕೆ 3 ಪಾಲು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಅದೇ ಸರ್ವೆಯನ್ನು ಇನ್ನೊಬ್ಬರಿಂದ ಮಾಡಿಸಿ ಮತ್ತೆ 4ರಿಂದ ಗುಣಿಸಬೇಡಿ. ನೀರಿರುವ ಕಡೆಯಂತೆ, ಬೋರ್‌ಗೆ ನೀರು ಬಿಡದ ಒದ್ದೆ ಜೇಡಿಮಣ್ಣಿನಲ್ಲೂ ಕರೆಂಟ್ ಸಲೀಸಾಗಿ ಹರಿಯುತ್ತದೆ. ಮೊದಲನೆಯವರು ಅಲ್ಲಿ ಮೋಸ ಹೋದರೆ ಎರಡನೆಯವರೂ ಹೋಗುತ್ತಾರೆ.