ಓದುಗರ ಪ್ರಶ್ನೆ: ಹೊರಗಿನ ಸರಕು ಬಂದರೆ ನಾವು ಬಡವರಾಗುತ್ತೇವೆಯೇ?

ಪ್ರಶ್ನೆ: ಆಫ್ರಿಕಾದ ಗೇರುಬೀಜ ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ಬರುತ್ತಲೇ ಇದೆ. ಇಷ್ಟು ಹಣ ಹೊರಗೆ ಹೋದರೆ ದೇಶ ಬಡವಾಗದೇ? (ಓದುಗರು, ಕಾರ್ಕಳ)

ಹೋದ ಹಣದ ಜೊತೆಗೆ ಬಂದ ಸರಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಟನ್ ಬೀಜ ತೆಗೆದುಕೊಳ್ಳಿ. ದರಗಳು ಉದಾಹರಣೆಗೆ ಮಾತ್ರ. ಕೆಜಿಗೆ 120 ರೂ.ನಂತೆ 1,20,000 ರೂ. ಹೊರಗೆ ಹೋಯಿತು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ಬೋರ್ಮಾದಲ್ಲಿ (ಬಿಸಿಗಾಳಿಯ ಒಣಗೂಡಿನಲ್ಲಿ) ಒಣಗಿಸಿ, ಸಿಪ್ಪೆ ಸುಲಿದು, ಗ್ರೇಡ್ ಮಾಡಿದಾಗ ಸುಮಾರು 250 ಕೆಜಿ ತಿರುಳು ಸಿಕ್ಕಿತೆನ್ನೋಣ. ಸರಾಸರಿ 700 ರೂ.ಗೆ ಮಾರಿದರೆ 1,75,000 ರೂ. ನಡುವಿನ 55,000 ರೂ. ಇಲ್ಲಿನ ಹೆಂಗಸರ ಕೂಲಿ, ಕರೆಂಟು, ಬ್ಯಾಂಕ್ ಬಡ್ಡಿ, ಲಾರಿ ಬಾಡಿಗೆ, ಮಾಲೀಕನ ಲಾಭವಾಗಿ ಹಂಚಿಹೋಗುತ್ತದೆ. ಚಿಪ್ಪಿನ ಎಣ್ಣೆಯ ಆದಾಯ ಬೇರೆ.

ತಿರುಳು 250ರ ಬದಲು 220 ಕೆಜಿಗೆ ಇಳಿದರೆ ಉಳಿಯುವುದು 34,000 ರೂ. ಮಾತ್ರ. ಅದರಲ್ಲಿ ಕೂಲಿ, ಬಡ್ಡಿ ಹುಟ್ಟದಿದ್ದರೆ ಆ ಟನ್ನಿನಿಂದ ಸಂಪತ್ತು ಕರಗಿತೆಂದೇ ಅರ್ಥ. ಅದಕ್ಕೇ ಅನುಭವಸ್ಥ ಖರೀದಿದಾರರು ಗೋಣಿಗಳಿಂದ ಮಾದರಿ ತೆಗೆದು, ಬೀಜ ಕತ್ತರಿಸಿ ನೋಡದೆ ದರ ಹೇಳುವುದಿಲ್ಲ. ಯಾವ ಖರೀದಿ ಲಾಭದ್ದು, ಯಾವುದು ನಷ್ಟದ್ದು ಎಂಬುದು ತನ್ನ ಹಣ ಹಾಕಿದವನಿಗೆ ತಿಳಿಯುವಷ್ಟು ಬೇಗ ದೂರದ ಅಧಿಕಾರಿಗೆ ತಿಳಿಯದು. ಮುಕ್ತ ಮಾರುಕಟ್ಟೆಯ ಪರವಾದ ವಾದದ ಬೇರು ಇಲ್ಲೇ ಇದೆ.

ನಮ್ಮೂರ ಗೇರಿನ ಫಸಲು ಬರುವುದು ಬೇಸಿಗೆಯ ಕೆಲವು ತಿಂಗಳು. ಹೊರಗಿನ ಬೀಜ ತಡೆದರೆ ಮಳೆಗಾಲದಲ್ಲಿ ಕಾರ್ಖಾನೆಗೆ ಕೆಲಸವೇ ಇರದು. ಕಚ್ಚಾ ಗೇರುಬೀಜದ ಆಮದು ಸುಂಕವನ್ನು 2018ರ ಬಜೆಟ್ ಶೇ. 5ರಿಂದ 2.5ಕ್ಕೆ ಇಳಿಸಿದ್ದು ಸರಿಯಾದ ಹೆಜ್ಜೆ.

ಪ್ರಶ್ನೆ: ಹಾಗಾದರೆ ಅಡಿಕೆಗೂ ಬಾಗಿಲು ತೆರೆಯಬೇಕೆನ್ನುತ್ತೀರಾ? (ಬೆಳೆಗಾರರು, ಪುತ್ತೂರು)

ಒಮ್ಮೆಗೇ ತೆರೆಯಬೇಕೆನ್ನುವುದಿಲ್ಲ. ಆದರೆ ಆಮದು ತಡೆಯುವ ಈ ಗೋಡೆ ಏನು ಮಾಡುತ್ತಿದೆ ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂ.ಗೆ ಏರಿತು. ವಿಮೆ, ಹಡಗಿನ ಬಾಡಿಗೆ ಸೇರಿದ ದರ ಇದಕ್ಕಿಂತ ಕಡಿಮೆಯಿದ್ದರೆ ಆಮದಿಗೆ ನಿಷೇಧ. ಇದರಿಂದ ಬೆಳೆಗಾರರಿಗೆ ಸಿಗುವ ಹೆಚ್ಚುವರಿ ಹಣ ಅಡಿಕೆ ಕೊಳ್ಳುವವರ ಜೇಬಿನಿಂದ ಬಂದದ್ದು. ಅದು ಕೈ ಬದಲಾಯಿಸಿತೇ ವಿನಾ ಹೊಸದಾಗಿ ಹುಟ್ಟಲಿಲ್ಲ. ಒಳಗಿನ ಮತ್ತು ಹೊರಗಿನ ದರದ ಅಂತರ ಹೆಚ್ಚಿದಷ್ಟೂ ಕಳ್ಳಸಾಗಣೆ ಮಾಡುವವನ ಗಳಿಕೆ ಹೆಚ್ಚು.

ನನಗೆ ಹೆಚ್ಚು ಚಿಂತೆಯ ವಿಷಯ ಇನ್ನೊಂದು. ಗೋಡೆ ಹೊರದೇಶದ ಅಡಿಕೆಯನ್ನು ತಡೆಯುತ್ತದೆ, ದಾವಣಗೆರೆ, ಚಿತ್ರದುರ್ಗದ ಅಡಿಕೆಯನ್ನಲ್ಲ. ಏರಿದ ದರ ನೋಡಿ ಬಯಲುಸೀಮೆಯಲ್ಲಿ ತೋಟ ಹರಡುತ್ತಿದೆ. ಸಸಿ ನೆಟ್ಟು ಫಸಲು ಸಿಗಲು ಐದಾರು ವರ್ಷ ಬೇಕು. ಅಂದರೆ ಇಂದಿನ ಧಾರಣೆ ನೋಡಿ ನೆಟ್ಟ ಸಸಿಗಳೆಲ್ಲ ಒಟ್ಟಿಗೆ ಫಲ ಕೊಡುವಾಗ ಧಾರಣೆ ಎಲ್ಲಿರುತ್ತದೋ! ಆದ್ದರಿಂದಲೇ ಸರಕಾರ ರಾತ್ರೋರಾತ್ರಿ ನಿಯಮ ಬದಲಿಸಬಾರದು. ಕನಿಷ್ಠ ಆಮದು ಬೆಲೆಯನ್ನು ಇಂತಿಷ್ಟು ವರ್ಷಗಳಲ್ಲಿ ಇಂತಿಷ್ಟು ಇಳಿಸುತ್ತೇವೆಂದು ಮೊದಲೇ ಹೇಳಿ ಹಂತಹಂತವಾಗಿ ಇಳಿಸಲಿ. ನೀವೂ ಸಾಲ ಮಾಡಿ ಹೊಸ ತೋಟ ಹಾಕುವ ಮುನ್ನ ಒಂದು ಕೆಜಿ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ತಗಲುವ ನಿಜವಾದ ಖರ್ಚನ್ನು, ಸ್ವಂತ ದುಡಿಮೆಯ ಕೂಲಿಯನ್ನೂ ಸೇರಿಸಿ, ಬರೆದಿಡಿ. ಇಂದಿನ ಧಾರಣೆಯ ಮೂರನೇ ಒಂದು ಪಾಲು ಕುಸಿದರೂ ಆ ಖರ್ಚು ಹುಟ್ಟುತ್ತದೆಯೇ ನೋಡಿ.

ಪ್ರಶ್ನೆ: ನೋಟು ಅಚ್ಚು ಹಾಕಿ ಎಲ್ಲರಿಗೂ ಲಕ್ಷ ರೂ. ಕೊಟ್ಟರೆ ಆಗದೇ? (ವಿದ್ಯಾರ್ಥಿನಿ, ಕುಂದಾಪುರ)

ಮಲ್ಪೆ ಬಂದರಿಗೆ ಬಂದ ಬಂಗುಡೆ ಮೀನು ನೂರೇ ಬುಟ್ಟಿ. ಕೊಳ್ಳುವವರ ಕೈಯಲ್ಲಿ ನೋಟು ಇಮ್ಮಡಿಯಾದರೆ ಬುಟ್ಟಿಯ ದರ ಏರುತ್ತದೆ, ಬಂಗುಡೆ ಏರುವುದಿಲ್ಲ. ಜಿಂಬಾಬ್ವೆಯಲ್ಲಿ 2000ದಿಂದ ಜಮೀನು ಕಿತ್ತುಕೊಂಡದ್ದರಿಂದ ಕೃಷಿ ಉತ್ಪಾದನೆ ಕುಸಿಯಿತು. ಸರಕಾರ ಖರ್ಚಿಗೆ ನೋಟು ಅಚ್ಚು ಹಾಕುತ್ತಲೇ ಹೋಯಿತು. 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಡಾಲರಿನ ಒಂದೇ ನೋಟು ಹೊರಬಂತು. ಅದೇ ವರ್ಷ ಜನ ಸ್ವಂತ ನಾಣ್ಯ ಬಿಟ್ಟು ಪರದೇಶದ ನಾಣ್ಯಕ್ಕೆ ಮೊರೆಹೋದರು.

ಪ್ರಶ್ನೆ: ಗಣಿ, ಎಣ್ಣೆ ಬಾವಿ ಇಲ್ಲದ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಇಷ್ಟು ಬ್ಯಾಂಕುಗಳಿಗೆ ಹೇಗೆ ತವರಾಯಿತು? (ಓದುಗರು, ಉಡುಪಿ)

ಉಳಿತಾಯದಿಂದ, ಮತ್ತು ಕೊಟ್ಟ ಹಣ ಮರಳಿ ಸಿಗುತ್ತದೆಂಬ ನಂಬಿಕೆಯಿಂದ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದಾಗ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಮೀನು ಮಾರುವವಳ ಆ ಎರಡಾಣೆಗಳು ಸೇರಿ ಇನ್ನೊಬ್ಬನ ಮಗ್ಗಕ್ಕೋ ಅಂಗಡಿಗೋ ಬಂಡವಾಳವಾಗಬಲ್ಲವು. ಯಾವ ಸರಕಾರಿ ಆದೇಶವೂ ಅದಕ್ಕೆ ಬೇಕಾಗಿರಲಿಲ್ಲ.