4 ಜಿಬಿ ರ‍್ಯಾಮ್‌ನಲ್ಲಿ ಉಬುಂಟುವಿಗಾಗಿ ಮರಿಯಾಡಿಬಿ ಎಂಬ ಡೇಟಾಬೇಸ್ ಸಾಫ್ಟ್‌ವೇರಿನ ಸೋರ್ಸ್ ಕೋಡಿನಿಂದ ಡೆಬ್ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಕಟ್ಟು) ಮಾಡುವಾಗ ಅರ್ಧಕ್ಕೇ ‘ಕಿಲ್ಡ್’ ಎಂದು ನಿಲ್ಲುತ್ತದೆ, ಏನು ಮಾಡಲಿ?

ನಿಮ್ಮ ಸೋರ್ಸ್ ಕೋಡ್ ಸರಿಯಾಗಿಯೇ ಇದೆ, ಸುಮ್ನೆ ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಡಿ. ರ‍್ಯಾಮ್ ತುಂಬಿದ್ದರಿಂದ ಲಿನಕ್ಸ್‌ನ ತಿರುಳಾದ ಕರ್ನಲ್ಲೇ, ಕೋಡನ್ನು ಪ್ರೋಗ್ರಾಮ್ ಆಗಿಸುವ ಕಂಪೈಲರನ್ನು ನಿಲ್ಲಿಸಿರಬೇಕು. ಕರ್ನಲ್ ಲಾಗ್ ತೆರೆದು ನೋಡಿ, ಕೊನೆಯ ಸಾಲುಗಳಲ್ಲಿ ‘ಔಟ್ ಆಫ್ ಮೆಮೊರಿ’ ಅಂತ ಇರುತ್ತದೆ.

ಮರಿಯಾಡಿಬಿಯ ಬಹುಪಾಲು ಸಿ ಪ್ಲಸ್ ಪ್ಲಸ್. ಕೆಲವು ಫೈಲುಗಳಿಗೆ ಕಂಪೈಲ್ ಆಗಲು ಒಂದೊಂದಕ್ಕೇ ನೂರಾರು ಎಂಬಿ ಮೆಮೊರಿ ಬೇಕು. ನಾಲ್ಕು ಕೋರ್ ಇದ್ದರೆ ಅಂಥ ನಾಲ್ಕು ಒಟ್ಟಿಗೇ ಓಡುತ್ತವೆ. ಬಿಲ್ಡ್ ಆಪ್ಷನ್ಸ್ ವೇರಿಯಬಲ್‌ನಲ್ಲಿ (DEB_BUILD_OPTIONS) ಪ್ಯಾರಲಲ್ ಅನ್ನು 1 ಮಾಡಿ, ಆಗ ಒಂದು ಸಲಕ್ಕೆ ಒಂದೇ ಫೈಲ್ ಕಂಪೈಲ್ ಆಗುತ್ತದೆ; ಜೊತೆಗೆ 4 ಜಿಬಿಯ ಸ್ವ್ಯಾಪ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಡಿ. ನಿಧಾನ ಆಗುತ್ತದೆ, ಆದರೆ ಮುಗಿಯುತ್ತದೆ.

ರಾಕ್ಸ್‌ಡಿಬಿ ಎಂಬ ಸ್ಟೋರೇಜ್ ಪ್ಲಗಿನ್ ನಿಮಗೆ ಬೇಕಾ? ಬೇಡವಾದರೆ ತೆಗೆದುಬಿಡಿ, ತುಂಬ ಸಮಯ ಉಳಿತಾಯ ಆಗುತ್ತದೆ. ಆದರೆ ಬಿಲ್ಡ್ ಸಿದ್ಧಪಡಿಸುವ ಸಿಮೇಕ್‌ಗೆ ‘ನೋ’ ಅಂದರೆ ಸಾಲದು. ಡೆಬಿಯನ್ ಫೋಲ್ಡರಿನ ಕಂಟ್ರೋಲ್ ಫೈಲಿನಿಂದಲೂ ಆ ಪ್ಲಗಿನ್ ಪ್ಯಾಕೇಜಿನ ಭಾಗ ತೆಗೆಯಬೇಕು. ಇಲ್ಲದಿದ್ದರೆ ಕಂಪೈಲ್ ಎಲ್ಲ ಮುಗಿದ ಮೇಲೆ, ಪ್ಯಾಕ್ ಮಾಡುವಾಗ ‘ಫೈಲ್ ಇಲ್ಲ’ ಎಂದು ನಿಲ್ಲುತ್ತದೆ. ನನಗೆ ಹಾಗೆ ಒಂದು ಇಡೀ ರಾತ್ರಿ ಹೋಯಿತು.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾನಿರುವುದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ, ನೂಲಿನ ವ್ಯಾಪಾರಿಯೊಬ್ಬರ ಲೆಕ್ಕದ ಸರ್ವರ್ ನೋಡಿಕೊಳ್ಳುತ್ತೇನೆ. ಹೋದ ಬೇಸಿಗೆಯಲ್ಲಿ ಬಿಲ್ಡ್ ಮುಕ್ಕಾಲು ಮುಗಿದಿತ್ತು, ಕರೆಂಟ್ ಹೋಯಿತು. ಪಕ್ಕದ ಮನೆಯ ಮಗ್ಗದ ಸದ್ದೂ ನಿಂತಿತು. ಬಂದ ಮೇಲೆ ಪ್ಯಾಕೇಜ್ ಮಾಡುವ ಕಮಾಂಡಾದ ಡಿಪಿಕೆಜಿ ಬಿಲ್ಡ್‌ಪ್ಯಾಕೇಜ್ ಅನ್ನು ಹಾಗೇ ಮತ್ತೆ ಕೊಟ್ಟೆ. ಅದು ಮೊದಲು ಎಲ್ಲ ಗುಡಿಸಿ ಸೊನ್ನೆಯಿಂದ ಶುರು ಮಾಡಿತು! ಎರಡನೇ ಸಲ ನಿಂತಾಗ ಬುದ್ಧಿ ಬಂತು: ‘ಎನ್‌ಸಿ’ (-nc) ಆಪ್ಷನ್ ಕೊಟ್ಟರೆ ಗುಡಿಸುವುದಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕಿ ನೇಯುತ್ತಾರೆ, ಇಡೀ ಹಾಸು ಬಿಚ್ಚುವುದಿಲ್ಲ ಅಲ್ವಾ? ಹಾಗೆ.

ಆದರೆ ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆದ ತುಣುಕುಗಳು) ಅರ್ಧ ಅಥವಾ ಖಾಲಿ ಉಳಿದಿರಬಹುದು. ತಾರೀಖು ಹೊಸದಾದ್ದರಿಂದ ಬಿಲ್ಡ್ ನಡೆಸುವ ಮೇಕ್ ಅವನ್ನು ಸರಿ ಇವೆ ಎಂದೇ ನಂಬುತ್ತದೆ. ಆಮೇಲೆ ಅವನ್ನೆಲ್ಲ ಜೋಡಿಸಿ ಲಿಂಕ್ ಮಾಡುವಾಗ ‘ಫೈಲ್ ಟ್ರಂಕೇಟೆಡ್’ ಎಂಬಂಥ ಎರರ್ ಬರುತ್ತದೆ. ಮುಂದುವರಿಸುವ ಮೊದಲು ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲುಗಳನ್ನು ಹುಡುಕಿ ಅಳಿಸಿ, ಕೊನೆಯ ಕೆಲವು ನಿಮಿಷಗಳಲ್ಲಿ ಹುಟ್ಟಿದವನ್ನೂ ಅಳಿಸಿ. ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಕ್ಯಾಶ್ ಹಾಕಿಕೊಂಡಿದ್ದರೆ ಮೊದಲಿಂದ ಶುರು ಮಾಡಿದರೂ ಬೇಗ ಆಗುತ್ತದೆ.

ನೀವು ನೇರ ‘ಮೇಕ್ ಇನ್‌ಸ್ಟಾಲ್’ ಮಾಡದೆ ಪ್ಯಾಕೇಜ್ ಮಾಡುತ್ತಿರುವುದು ನನಗೆ ಖುಷಿ. ನಾಳೆ ತೆಗೆಯಬೇಕಾದರೆ ಒಂದೇ ಕಮಾಂಡ್ ಸಾಕು, ಫೈಲು ಹುಡುಕುತ್ತಾ ಕೂರಬೇಕಿಲ್ಲ. ಹಾಕಿದ ಮೇಲೆ ಆಪ್ಟ್‌ನಲ್ಲಿ (ಪ್ಯಾಕೇಜ್ ನೋಡಿಕೊಳ್ಳುವ ಕಮಾಂಡ್) ಅದನ್ನು ಹೋಲ್ಡ್ ಮಾಡಿ, ಅಂದರೆ ಬದಲಾಗದಂತೆ ತಡೆದಿಡಿ; ಇಲ್ಲದಿದ್ದರೆ ಮುಂದಿನ ಅಪ್‌ಗ್ರೇಡ್ ನಿಮ್ಮದನ್ನು ತೆಗೆದು ಉಬುಂಟುವಿನದನ್ನು ಕೂರಿಸಬಹುದು. ಹೋಲ್ಡ್ ಮಾಡಿದ ಮೇಲೆ ಭದ್ರತಾ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಹೊಸ ಬಿಡುಗಡೆ ಬಂದಾಗ ನೀವೇ ಮತ್ತೆ ಬಿಲ್ಡ್ ಮಾಡಬೇಕು.